ಕಿತ್ತೂರ ಚೆನ್ನಮ್ಮಾಜಿಯ ಶೌರ್ಯವೂ ದಯೆಯೂ

ಹುಬ್ಬಳ್ಳಿ ನಗರದ ನಡುವೃತ್ತದಲ್ಲಿ ಖಡ್ಗಧಾರಿಣಿಯಾಗಿ ವಿರಾಜಿಸುವ ಚೆನ್ನಮ್ಮಾಜಿಯ ಮೂರ್ತಿಯನ್ನು ಕಾಣದವರು ಈ ನಾಡಿನಲ್ಲಿ ವಿರಳ. 2007ರಲ್ಲಿ ದಿಲ್ಲಿಯ ಸಂಸತ್ ಭವನದ ಆವರಣದಲ್ಲಿಯೂ ಆಕೆಯ ಪ್ರತಿಮೆಯು ಸ್ಥಾಪನೆಗೊಂಡಿತು. ಲಾವಣಿಕಾರರು ಆಕೆಯ ಖಡ್ಗವನ್ನು ಹಾಡಿದರು, ನಾಟಕಕಾರರು ಆಕೆಯ ಗರ್ಜನೆಯನ್ನು ರಂಗದ ಮೇಲೆ ತಂದರು. ಅದೆಲ್ಲವೂ ತಕ್ಕದ್ದೇ. ಆದರೆ ಆ ಖಡ್ಗವನ್ನು ಹಿಡಿದ ಕೈಯೇ ಸೆರೆಸಿಕ್ಕ ಹಗೆಗಳ ಪ್ರಾಣವನ್ನು ನಾಲ್ವತ್ತು ದಿನ ಕಾಯ್ದಿತೆಂಬ ಸಂಗತಿಯು ಜನರ ನಾಲಗೆಯ ಮೇಲೆ ಅಷ್ಟಾಗಿ ಆಡುವದಿಲ್ಲ.

ಚೆನ್ನಮ್ಮಾಜಿಯು 1778ರಲ್ಲಿ ಬೆಳಗಾವಿಗೆ ಸಮೀಪದ ಕಾಕತಿಯ ದೇಸಾಯರ ಮನೆಯಲ್ಲಿ ಜನಿಸಿದಳು. ತಂದೆ ಧೂಳಪ್ಪ ದೇಸಾಯಿ. ಕುದುರೆ ಸವಾರಿ, ಬಿಲ್ವಿದ್ಯೆ, ಕತ್ತಿವರಸೆಗಳನ್ನು ಬಾಲ್ಯದಲ್ಲಿಯೇ ಕಲಿತಳು. ಕಿತ್ತೂರಿನ ಮಲ್ಲಸರ್ಜ ದೇಸಾಯಿಯ ಕೈಹಿಡಿದು, ಹಿರಿಯ ರಾಣಿ ರುದ್ರಮ್ಮನಿದ್ದ ಅರಮನೆಗೆ ಬಂದಳು. ಧಾರವಾಡದಿಂದ ಬೆಳಗಾವಿಗೆ ಹೋಗುವ ಹಾದಿಯಲ್ಲಿರುವ ಕಿತ್ತೂರು ಆಗ ಸಂಪನ್ನವಾದ ಸಂಸ್ಥಾನವಾಗಿದ್ದಿತು. ಅಲ್ಲಿಯ ಅರಸರು ಶಿವಭಕ್ತರು, ಕಲ್ಮಠವು ಅವರ ರಾಜಗುರುಪೀಠ.

ಆ ಸಂಪತ್ತೇ ಸಂಸ್ಥಾನಕ್ಕೆ ಮುಳುವಾಯಿತೆನ್ನಬೇಕು. ಎರಡನೆಯ ಬಾಜೀರಾಯ ಪೇಶ್ವೆಯು ಮೊದಲು 1,75,000 ರೂಪಾಯಿಗಳ ವಾರ್ಷಿಕ ಕಪ್ಪವನ್ನು ಹೇರಿದನು, ಬಳಿಕ ಮಲ್ಲಸರ್ಜನನ್ನೇ ಪುಣೆಯಲ್ಲಿ ಸೆರೆಯಿಟ್ಟನು. ಬಿಡುಗಡೆಗೊಂಡು ಬರುವಾಗ ರೋಗಜರ್ಝರಿತನಾಗಿದ್ದ ಮಲ್ಲಸರ್ಜನು 1816ರಲ್ಲಿ ಲಿಂಗೈಕ್ಯನಾದನು. ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜನು ಪಟ್ಟಕ್ಕೆ ಬಂದನು. 1818ರಲ್ಲಿ ಪೇಶ್ವೆಯ ಆಳಿಕೆ ಮುರಿದುಬೀಳುವಾಗ ಅವನು ಇಂಗ್ಲಿಷರಿಗೆ ನೆರವಾದನು. ಕಂಪನಿ ಸರಕಾರವು ಸಂಸ್ಥಾನವನ್ನು ಅವನಿಗೆ ಮುಂದುವರಿಸಿ ಕೊಟ್ಟಿತು. ಆ ಉಪಕಾರದ ನೆನಪು ಆರು ವರ್ಷವೂ ಬಾಳಲಿಲ್ಲ.

1824ರ ಸಪ್ಟಂಬರದಲ್ಲಿ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಂಡನು. ಸಾಯುವ ಮುನ್ನ ಅವನು ಮಾಸ್ತಮರಡಿಯ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡಿದ್ದನು. ಧಾರವಾಡದ ಕಲೆಕ್ಟರ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಪತ್ರದ ಸಹಿಯನ್ನೇ ಶಂಕಿಸಿದನು. ಖಜಾನೆಗೆ ಮುದ್ರೆ ಹಾಕಿಸಿ, ತನ್ನ ಕಾವಲನ್ನು ನಿಲ್ಲಿಸಿದನು. ಮಕ್ಕಳಿಲ್ಲದ ಅರಸರ ರಾಜ್ಯಗಳನ್ನು ನುಂಗುವ ಡಾಲ್‌ಹೌಸಿಯ ನೀತಿಯು ಸಾತಾರೆಗೆ ತಗಲಿದ್ದು 1848ರಲ್ಲಿ. ಝಾಂಸಿಯ ಲಕ್ಷ್ಮೀಬಾಯಿ ಕತ್ತಿ ಹಿರಿದದ್ದು ಅದಕ್ಕೂ ತರುವಾಯ. ಕಿತ್ತೂರಿಗೆ ಆ ಆಪತ್ತು ಅವರೆಲ್ಲರಿಗಿಂತ ಮೊದಲೇ ಬಂದಿತು. ಅದನ್ನು ಎದುರಿಸಿ ನಿಂತವಳು ನಾಲ್ವತ್ತಾರು ವಯಸ್ಸಿನ ವಿಧವೆ. ಗಂಡನಿಲ್ಲ, ಪಟ್ಟದಲ್ಲಿದ್ದ ಮಲಮಗನೂ ಇಲ್ಲ. ಲಿಂಗಧಾರಣೆಯಲ್ಲಿ ಹೆಣ್ಣು ಗಂಡೆಂಬ ತಾರತಮ್ಯವನ್ನೆಣಿಸದ ಸಮಾಜದಲ್ಲಿ ಹುಟ್ಟಿದ ಆಕೆ, ವಿಧವೆಯು ಒಳಮನೆಯಲ್ಲಿರತಕ್ಕವಳೆಂಬ ಲೋಕರೂಢಿಗೆ ಮಣಿಯಲಿಲ್ಲ. ಮುಂಬಯಿ ಸರಕಾರಕ್ಕೆ ಮನವಿ ಹೋಯಿತು, ಫಲ ದೊರೆಯಲಿಲ್ಲ.

1824ನೆಯ ಅಕ್ಟೋಬರ 23ರಂದು ಥ್ಯಾಕರೆಯು ಮದರಾಸಿನ ಕುದುರೆ ತೋಪಖಾನೆಯೊಡನೆ ಕೋಟೆಯ ಬಾಗಿಲ ಮುಂದೆ ನಿಂತು, ಕದ ತೆಗೆಯಿರೆಂದು ಆಜ್ಞಾಪಿಸಿದನು. ಕದ ತೆರೆಯಿತು, ಹೊರಕ್ಕೆ ನುಗ್ಗಿದ್ದು ಸರದಾರ ಗುರುಸಿದ್ದಪ್ಪನ ಕಡೆಯ ಕಿತ್ತೂರ ದಂಡು. ಥ್ಯಾಕರೆ ಮಡಿದನು. ಅಮಟೂರ ಬಾಳಪ್ಪನ ಗುಂಡು ಅವನನ್ನು ಕೆಡವಿತೆಂಬುದು ಜನಜನಿತವಾದ ಮಾತು. ಕ್ಯಾಪ್ಟನ್ ಬ್ಲ್ಯಾಕ್, ಲೆಫ್ಟನಂಟ ಸಿವೆಲ್ ಹಾಗೂ ಡೈಟನ್ ಎಂಬ ಅಧಿಕಾರಿಗಳೂ ಬಿದ್ದರು. ಥ್ಯಾಕರೆಯ ಇಬ್ಬರು ಸಹಾಯಕರು, ಸ್ಟೀವನ್ಸನ್ ಮತ್ತು ಎಲಿಯಟ್, ಜೀವಸಹಿತ ಸೆರೆಸಿಕ್ಕರು.

ಇಲ್ಲಿಂದ ಮುಂದಿನ ನಾಲ್ವತ್ತು ದಿನಗಳು ವಿಚಾರಕ್ಕೆ ಯೋಗ್ಯವಾದವು. ಸಂಸ್ಥಾನದ ಮರ್ಯಾದೆಯನ್ನು ಕೆಡಿಸಿದ ಅಧಿಕಾರಿಯ ಬಲಗೈಯಂತಿದ್ದ ಇಬ್ಬರು ತರುಣರು ಕೋಟೆಯೊಳಗೆ ನಿರಾಯುಧರಾಗಿದ್ದಾರೆ. ಹೊರಗೆ ಪುಣೆಯ ಕಮಿಶನರ ಚಾಪ್ಲಿನ್ನನು ಸುತ್ತಲಿನ ದಂಡುಗಳನ್ನು ಕೂಡಿಸುತ್ತಿದ್ದಾನೆ. ಕೆರಳಿದ ಜನರ ನಡುವೆ ಸೆರೆಯಾಳುಗಳ ಜೀವಕ್ಕೆ ಎಷ್ಟು ಬೆಲೆ? ಆದರೂ ಅವರಿಗೆ ಪ್ರಾಣಹಾನಿಯಾಗಲಿಲ್ಲ. ಒತ್ತೆಯಾಳುಗಳು ಸಂಧಿಯ ಮಾತಿಗೆ ಉಪಯುಕ್ತರಾಗಿದ್ದರು, ಅದಕ್ಕಾಗಿಯೇ ಉಳಿಸಿಕೊಂಡರು, ಇದರಲ್ಲಿ ದಯೆಯೇನು ಬಂತೆಂದು ಕೇಳುವವರುಂಟು. ರಾಜಕಾರಣವು ಇದ್ದೇ ಇತ್ತು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಡಿಸೆಂಬರ 2ರಂದು, ಶತ್ರುವಿನ ದಂಡು ಬಾಗಿಲಿಗೆ ಬಂದು ನಿಂತಾಗ, ಅವರಿಬ್ಬರನ್ನು ಬಿಟ್ಟುಕೊಡಲಾಯಿತು. ಕೇವಲ ಲೆಕ್ಕಾಚಾರದವರು ತಮ್ಮ ಕೊನೆಯ ಗುರಾಣಿಯನ್ನು ಯುದ್ಧದ ಮುನ್ನಾದಿನ ಕೆಳಗಿಡುವದಿಲ್ಲ. ಶರಣಧರ್ಮವು ದಯೆಯನ್ನು ಹೇಡಿಯ ಗುಣವೆಂದು ಎಂದೂ ಎಣಿಸಿಲ್ಲ. ಕೈಯಲ್ಲಿ ಬಲವಿದ್ದಾಗ ತೋರಿದ ದಯೆಯೇ ದಯೆ.

ಬಿಡುಗಡೆಯಿಂದ ಕಿತ್ತೂರಿಗೆ ಶಾಂತಿಯು ದೊರೆಯಲಿಲ್ಲ. ಕೋಟೆಯನ್ನು ಒಪ್ಪಿಸಬೇಕೆಂಬ ಹಟವನ್ನು ಚಾಪ್ಲಿನ್ನನು ಬಿಡಲಿಲ್ಲ. ಮರುದಿನವೇ ತೋಪುಗಳು ಸಿಡಿದವು. ಸೊಲ್ಲಾಪುರದ ಸಬ್ ಕಲೆಕ್ಟರ ಮನ್ರೋ ಎಂಬವನು ಈ ಕಾಳಗದಲ್ಲಿ ಅಳಿದನು. ಗೋಡೆ ಬಿರಿಯಿತು; ಡಿಸೆಂಬರ 5ರಂದು ಕೋಟೆ ಬಿದ್ದಿತು. ಮದ್ದಿನಲ್ಲಿ ಸಗಣಿ ಬೆರಸಿದ ಮನೆಮುರುಕರ ಕಥೆಯನ್ನು ಹಳ್ಳಿಯ ಹಿರಿಯರು ಇಂದಿಗೂ ಹಲ್ಲು ಕಡಿದು ಹೇಳುತ್ತಾರೆ.

ಚೆನ್ನಮ್ಮಾಜಿಯನ್ನೂ ಶಿವಲಿಂಗರುದ್ರಸರ್ಜನ ವಿಧವೆ ವೀರಮ್ಮನನ್ನೂ ಬೈಲಹೊಂಗಲದಲ್ಲಿ ಸೆರೆಯಿಟ್ಟರು. ಶಿವಪೂಜೆಯಲ್ಲಿ ಆಕೆ ಆ ದಿನಗಳನ್ನು ಕಳೆದಳೆಂಬುದು ಅಲ್ಲಿಯ ಪರಂಪರೆಯ ನಂಬುಗೆ. 1829ನೆಯ ಫೆಬ್ರುವರಿ 2ರಂದು ಆಕೆ ಅಲ್ಲಿಯೇ ಲಿಂಗೈಕ್ಯಳಾದಳು. ಆಕೆಯ ಸಮಾಧಿಯು ಬೈಲಹೊಂಗಲದಲ್ಲಿದೆ. ಬಾಲ ದತ್ತಕನ ಹಕ್ಕಿಗಾಗಿ ದಂಡು ಕಟ್ಟಿದ ಸಂಗೊಳ್ಳಿ ರಾಯಣ್ಣನನ್ನು 1831ನೆಯ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು.

ಇನ್ನು ಬಿಡುಗಡೆಗೊಂಡ ಆ ಸೆರೆಯಾಳುಗಳಲ್ಲೊಬ್ಬನ ಮಾತು. ವಾಲ್ಟರ ಎಲಿಯಟ್ಟನು ಕಿತ್ತೂರಲ್ಲಿ ಸಿಕ್ಕಾಗ ಇಪ್ಪತ್ತೊಂದು ವರ್ಷದವನು. ಮುಂದೆ 1833ರವರೆಗೂ ಅವನು ಈ ಸೀಮೆಯಲ್ಲಿಯೇ ಅಧಿಕಾರದಲ್ಲಿದ್ದನು. ಗುಡಿಗಳ ಅಂಗಳದಲ್ಲಿ, ಕೆರೆಯ ಏರಿಗಳ ಮೇಲೆ ಮಳೆ ಬಿಸಿಲಿಗೆ ಬಿದ್ದಿದ್ದ ಕನ್ನಡ ಶಿಲಾಶಾಸನಗಳನ್ನು ಯಾರೂ ಕೇಳುವವರಿಲ್ಲದ ಕಾಲವದು. ಎಲಿಯಟ್ಟನು 595 ಶಾಸನಗಳ ಪ್ರತಿ ಮಾಡಿಸಿ ಸಂಗ್ರಹಿಸಿದನು. ಅವುಗಳ ಆಧಾರದಿಂದ ಚಾಲುಕ್ಯರೇ ಮೊದಲಾದ ಕನ್ನಡ ಅರಸುಮನೆತನಗಳ ಚರಿತ್ರೆಯನ್ನು ಕುರಿತು ಅವನು ಬರೆದ ಲೇಖನವು 1837ರಲ್ಲಿ ಲಂಡನ್ನಿನ ರಾಯಲ್ ಏಶಿಯಾಟಿಕ್ ಸೊಸಾಯಿಟಿಯ ಪತ್ರಿಕೆಯಲ್ಲಿ ಬಂದಿತು. ಫ್ಲೀಟರಂಥ ಪಂಡಿತರು ತರುವಾಯ ಆ ಸಂಗ್ರಹವನ್ನು ಬಳಸಿಕೊಂಡರು. ಕಣ್ಣು ಕಳೆದುಕೊಂಡ ಇಳಿವಯಸ್ಸಿನಲ್ಲಿಯೂ ಎಲಿಯಟ್ಟನು ವಿದ್ಯಾವ್ಯಾಸಂಗವನ್ನು ಬಿಡಲಿಲ್ಲ. ದಕ್ಷಿಣ ಹಿಂದುಸ್ಥಾನದ ನಾಣ್ಯಗಳನ್ನು ಕುರಿತ ಅವನ ಗ್ರಂಥವು 1885ರ ಸುಮಾರಿಗೆ ಹೊರಬಂದಿತು. ಎರಡು ವರ್ಷಗಳ ಮೇಲೆ, 1887ರಲ್ಲಿ, ಅವನು ತೀರಿಕೊಂಡನು. ಚೆನ್ನಮ್ಮಾಜಿಯ ಕೋಟೆಯಿಂದ ಜೀವಸಹಿತ ಹೊರಬಿದ್ದು ಆಗ ಅರುವತ್ತೆರಡು ವರ್ಷಗಳು ಕಳೆದಿದ್ದವು.