ಲಸಿಕಾಚಾರ್ಯ ಹಾಫ್ಕಿನ್

ಉದ್ಯಮಬಾಗದಿಂದ ಪೇಟೆಗೆ ಹೋಗುವ ನಮ್ಮ ವಿದ್ಯಾರ್ಥಿಗಳೆಲ್ಲರೂ ಟಿಳಕವಾಡಿಯ ವ್ಯಾಕ್ಸಿನ್ ಡಿಪೊ ಮೈದಾನವನ್ನು ಬಲ್ಲರು. ಹಿಂದೆ ಸಿಡುಬಿನ ಲಸಿಕೆ ಸಿದ್ಧವಾಗುತ್ತಿದ್ದ ಸ್ಥಳವದು. ಅದಕ್ಕೂ ಮುನ್ನ, ಪ್ಲೇಗು ಮಹಾಮಾರಿ ಬೆಳಗಾವಿ, ಹುಬ್ಬಳ್ಳಿ, ಧಾರವಾಡಗಳನ್ನು ಹೊಕ್ಕು, ಜನರು ಮನೆಮಠ ತೊರೆದು ಹೊಲಗಳ ಗುಡಿಸಲು ಸೇರಿದ ಕಾಲದಲ್ಲಿ, ಮುಂಬಯಿಯಿಂದ ಈ ಸೀಮೆಗೆ ಬಂದ ಪ್ಲೇಗಿನ ಲಸಿಕೆಯು ವಾಲ್ಡೆಮಾರ್ ಹಾಫ್ಕಿನ್ ಎಂಬ ಮಹನೀಯರ ಕೃತಿ. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನರು ಅದನ್ನು ಹಾಕಿಸಿಕೊಂಡರು.

ಹಾಫ್ಕಿನ್ನರು 1860ರಲ್ಲಿ ಒಡೆಸ್ಸಾ ನಗರದ ಯೆಹೂದಿ ಮನೆತನದಲ್ಲಿ ಜನಿಸಿದರು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದಾಗ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ, 1892ರಲ್ಲಿ ಮೊದಲು ತಮ್ಮ ದೇಹಕ್ಕೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು. 1897ರ ಜನವರಿ 10ರಂದು ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನೂ ಹಾಗೆಯೇ ಪರೀಕ್ಷಿಸಿಕೊಂಡರು. ಪರರ ಮೈಗೆ ಸೂಜಿ ತಾಗಿಸುವ ಮುನ್ನ ತನ್ನ ಮೈಯನ್ನೊಡ್ಡುವ ಇಂಥ ವೈದ್ಯವಿಜ್ಞಾನಿಗಳು ವಿರಳ.

ಅಂಥವರಿಗೂ ಅಪವಾದ ತಪ್ಪಲಿಲ್ಲ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಗ್ರಾಮದಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಅಸುನೀಗಿದರು. ಉಳಿದ ಸೀಸೆಗಳವರಿಗೆ ಏನೂ ಆಗಲಿಲ್ಲ. ವಿಚಾರಣಾ ಮಂಡಲಿಯು ದೋಷವನ್ನು ಮುಂಬಯಿಯ ಪ್ರಯೋಗಶಾಲೆಯ ಮೇಲೆ ಹೊರಿಸಿತು. ಹಾಫ್ಕಿನ್ನರು ಅಧಿಕಾರ ಕಳೆದುಕೊಂಡು ಇಂಗ್ಲೆಂಡಿಗೆ ಹೋಗಬೇಕಾಯಿತು.

ನಿಜವಾದ ಕಾರಣ ಅತಿ ಅಲ್ಪವಾದುದು. ಸೀಸೆಯ ಬಿರಡೆ ತೆಗೆಯುವ ಚಿಮಟವು ಸಹಾಯಕನ ಕೈಜಾರಿ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಗೊಳಿಸದೆ ಮತ್ತೆ ಬಳಸಲಾಗಿತ್ತು. ಧನುರ್ವಾಯುವಿನ ಬೀಜಾಣುಗಳು ಮಣ್ಣಿನಲ್ಲಿ ವಾಸಿಸುವಂಥವು. ಕಣ್ಣಿಗೆ ಕಾಣವು, ಮೇಲೆ ಮೇಲೆ ಒರೆಸಿದರೆ ಸಾಯವು. ಉಪಕರಣವು ಹೊಳೆಯುತ್ತಿದ್ದರೆ ಶುದ್ಧವೆಂದು ಭಾವಿಸುವುದು ಈಗಲೂ ಕೆಲವೆಡೆ ಉಂಟು! ಶಸ್ತ್ರಗಳನ್ನು ಒತ್ತಡದ ಹಬೆಯಲ್ಲಿಟ್ಟು ಶುದ್ಧಗೊಳಿಸುವುದು, ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸದಿರುವುದು, ರೋಗಿಯನ್ನು ಮುಟ್ಟುವ ಮೊದಲೂ ಅನಂತರವೂ ಕೈ ತೊಳೆಯುವುದು, ಇವು ಇಂದಿನ ಆಸ್ಪತ್ರೆಗಳಲ್ಲಿ ಕಡ್ಡಾಯವಾಗಿರುವುದು ಇಂಥ ಸಾವುಗಳ ದೆಸೆಯಿಂದಲೇ.

ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಮೊದಲಾದವರು 1907ರಲ್ಲಿ ಹಾಫ್ಕಿನ್ನರ ಪಕ್ಷವಹಿಸಿ ಪತ್ರಿಕೆಯಲ್ಲಿ ವಾದಿಸಿದರು. ಅದೇ ವರ್ಷ ಅವರು ದೋಷಮುಕ್ತರಾದರು. ಕಲಕತ್ತೆಗೆ ಮರಳಿ 1915ರವರೆಗೆ ಸೇವೆ ಸಲ್ಲಿಸಿದರಾದರೂ ಹಿಂದಿನ ಸ್ವಾತಂತ್ರ್ಯ ದೊರೆಯಲಿಲ್ಲ. ಐದು ವರ್ಷಗಳ ಕಳಂಕವನ್ನು ಒಂದು ಪತ್ರದಿಂದ ತೊಳೆಯಲಾದೀತೆ? ಮುಂಬಯಿಯ ಪ್ರಯೋಗಶಾಲೆಗೆ 1925ರಲ್ಲಿ ಅವರ ಹೆಸರನ್ನಿಡಲಾಯಿತು.

ಸ್ವಧರ್ಮನಿಷ್ಠರಾಗಿದ್ದ ಅವರು ತಮ್ಮ ಆಸ್ತಿಯನ್ನು ಪೂರ್ವ ಯುರೋಪಿನ ಯೆಹೂದಿ ಧರ್ಮಪಾಠಶಾಲೆಗಳಿಗೆ ಮುಡಿಪಿಟ್ಟು, 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ದೇಹವಿಟ್ಟರು.