ಗಣಿತಾಚಾರ್ಯ ಮಹಾವೀರ

ನಾವು ನೆಲೆಸಿರುವ ಪುಣೆಯ ಸುತ್ತಣ ನಾಡು ಒಂದು ಕಾಲಕ್ಕೆ ರಾಷ್ಟ್ರಕೂಟರದು. 8ನೆಯ ಶತಮಾನದ ಅವರ ತಾಮ್ರಶಾಸನದಲ್ಲಿ ಇದಕ್ಕೆ ಪುಣಕ ವಿಷಯವೆಂದು ಹೆಸರು. ಆ ವಂಶದ ಅಮೋಘವರ್ಷ ನೃಪತುಂಗನನ್ನು ‘ಕವಿರಾಜಮಾರ್ಗ’ದಿಂದಾಗಿ ನಾವೆಲ್ಲರೂ ಬಲ್ಲೆವು. ಅವನ ಕಾಲದ ಜೈನ ಪಂಡಿತ ಮಹಾವೀರಾಚಾರ್ಯನನ್ನು ಬಲ್ಲವರು ಕಡಮೆ.

ಸುಮಾರು 850ರಲ್ಲಿ ಈತನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿ, ಆರಂಭದಲ್ಲಿ ನೃಪತುಂಗನನ್ನು ಕೊಂಡಾಡಿದನು. ಹೆಚ್ಚಾಗಿ ಜ್ಯೋತಿಷ ಗ್ರಂಥಗಳ ಅಂಗವಾಗಿದ್ದ ಗಣಿತಕ್ಕೇ ಇಡೀ ಗ್ರಂಥವನ್ನು ಮೀಸಲಿಟ್ಟನು. ಬೀಜಗಣಿತವನ್ನು ಸಂತೆಯ ಹಣ್ಣುಗಳಿಂದ ಕಲಿಸಿದನು: 9 ಮಾದಲ, 7 ಬೇಲದ ಹಣ್ಣುಗಳಿಗೆ ಒಟ್ಟು 107, 7 ಮಾದಲ, 9 ಬೇಲದ ಹಣ್ಣುಗಳಿಗೆ 101, ಒಂದೊಂದರ ಬೆಲೆಯೆಷ್ಟು? ಮಾದಲಕ್ಕೆ 8, ಬೇಲಕ್ಕೆ 5.

ಋಣಸಂಖ್ಯೆಯು ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ತಿಳಿಸಿದನು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದು ಎಡವಿದ್ದೂ ಉಂಟು, ಹಿರಿಯರೂ ತಪ್ಪುವರು.

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು.

ನಮ್ಮ ಮಕ್ಕಳು ಇಲ್ಲಿ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಲೆಕ್ಕ ಕಲಿಯುತ್ತಾರೆ, ಅದು ಸಹಜವೇ. ಆದರೆ ಈ ರಾಜ್ಯೋತ್ಸವದ ದಿನ ಆ ಹಣ್ಣಿನ ಲೆಕ್ಕವನ್ನು ಮನೆಯಲ್ಲಿ ಕನ್ನಡದಲ್ಲೇ ಕೇಳೋಣ. ಸಾವಿರ ವರ್ಷಕ್ಕೂ ಹಿಂದಿನ ನಮ್ಮ ನಾಡಿನ ಗುರುವೊಬ್ಬನು ಅವರೆದುರು ಬಂದು ಕುಳಿತಂತಾದೀತು.