ಮಾನ್ವಿಯ ಹೊಟ್ಟೆನೋವು ಯಾರ ತಪ್ಪು?

ಸಣ್ಣವನಿದ್ದಾಗ ಹೊಟ್ಟೆ ನೋಯ್ತದ ಅಂತ ಅತ್ತರೆ ನಮ್ಮಜ್ಜಿ ಮೊದಲು ಒಂದು ಚಿಟಿಕೆ ಅಜವಾನ, ಒಂದು ಹರಳು ಉಪ್ಪು ಬಾಯಿಗೆ ಹಾಕುತ್ತಿದ್ದಳು. ಆಮೇಲೆ ವಿಚಾರಣೆ. ಯಾರಿಗೇನು ಅಂದಿ, ಯಾವ ದೊಡ್ಡವರನ್ನ ಆಡಿಕೊಂಡಿ ಅಂತ ಕೇಳುತ್ತಿದ್ದಳು. ಹೊಟ್ಟೆನೋವಿಗೂ ಆಡಿದ ಮಾತಿಗೂ ಏನು ಸಂಬಂಧ ಅಂತ ಆಗ ನನಗೆ ಗೊತ್ತಾಗುತ್ತಿರಲಿಲ್ಲ. ಆ ಪ್ರಶ್ನೆ ಬಂದದ್ದು ನಮ್ಮೂರಿನದೇ ಒಂದು ಕತೆಯಿಂದ. ಮಾನ್ವಿಯ ಜಗನ್ನಾಥದಾಸರ ಕತೆ ಅದು.

1728ರಲ್ಲಿ ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ ಹುಟ್ಟಿದ ಅವರ ಮೊದಲ ಹೆಸರು ಶ್ರೀನಿವಾಸ. ಮಂತ್ರಾಲಯದಲ್ಲಿ ವರದೇಂದ್ರ ತೀರ್ಥರ ಹತ್ತಿರ ಓದಿ, ಹರೆಯದಲ್ಲೇ ಶ್ರೀನಿವಾಸಾಚಾರ್ಯ ಅನ್ನಿಸಿಕೊಂಡು, ಮಾನ್ವಿಯಲ್ಲಿ ಪಾಠ ಹೇಳುತ್ತಿದ್ದರು. ಸಂಸ್ಕೃತದಲ್ಲಿ ಗಟ್ಟಿ. ತಂಬೂರಿ ಹಿಡಿದು, ಗೆಜ್ಜೆ ಕಟ್ಟಿಕೊಂಡು ಕನ್ನಡದಲ್ಲಿ ಹಾಡುತ್ತ ಊರೂರು ಅಲೆಯುವ ದಾಸರು ಅಂದರೆ ಅಷ್ಟಕ್ಕಷ್ಟೇ. ಶಾಸ್ತ್ರವನ್ನು ಆಡುಮಾತಿಗೆ ಇಳಿಸಿ ಕೆಡಿಸುವವರು ಇವರು ಅನ್ನುವ ತಾತ್ಸಾರ.

ಅಂಥ ಹೊತ್ತಿನಲ್ಲಿ ಮಾನ್ವಿಗೆ ವಿಜಯದಾಸರು ಬಂದರು. ಅವರೂ ಇಲ್ಲೇ ಹತ್ತಿರದ ಚೀಕಲಪರ್ವಿಯವರು, ಆಗಲೇ ವಯಸ್ಸಾದವರು. ಊಟಕ್ಕೆ ಬರಬೇಕು ಅಂತ ಆಚಾರ್ಯರಿಗೆ ಕರೆ ಹೋಯಿತು. ಆಚಾರ್ಯರು ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರು. ಕತೆಯ ಪ್ರಕಾರ ಆ ನೆಪವೇ ನಿಜವಾಯಿತು. ಕೂತರೆ ನಿಲ್ಲಲಾಗದ, ಉಂಡರೆ ದಕ್ಕದ ಹೊಟ್ಟೆಶೂಲೆ ಶುರುವಾಯಿತು. ಔಷಧಿ ನಾಟಲಿಲ್ಲ. ಮಂತ್ರಾಲಯಕ್ಕೆ ಹೋಗಿ ಸೇವೆ ಮಾಡಿದರು, ವಿಜಯದಾಸರ ಹತ್ತಿರವೇ ಹೋಗು ಅಂತ ಅಲ್ಲಿ ಕನಸಾಯಿತು. ಹೋಗಿ ಕಾಲಿಗೆ ಬಿದ್ದರು. ವಿಜಯದಾಸರು ತಮ್ಮ ಶಿಷ್ಯ ಗೋಪಾಲದಾಸರ ಕಡೆ ಬೆರಳು ತೋರಿಸಿದರು.

ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು, ಉತ್ತನೂರಿನಲ್ಲಿ ನೆಲೆಸಿದ್ದವರು. ಮೂಲ ಹೆಸರು ಭಾಗಣ್ಣ. ಆಚಾರ್ಯರಿಗಿಂತ ಆರೇಳು ವರ್ಷಕ್ಕಷ್ಟೇ ಹಿರಿಯರು. ಗುರುವಿನ ಮಾತಿನಂತೆ ಅವರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ತೆಗೆದು ಈ ರೋಗಿಗೆ ಕೊಟ್ಟರು ಅನ್ನುತ್ತದೆ ಕತೆ. ಅವತ್ತು ಅವರು ದೇವವೈದ್ಯ ಧನ್ವಂತರಿಗೆ ಮೊರೆಯಿಟ್ಟು ಕಟ್ಟಿದರು ಅನ್ನುವ ಹಾಡನ್ನು ಮನೆಯಲ್ಲಿ ಯಾರಿಗಾದರೂ ಜಡ್ಡಾದರೆ ಇವತ್ತಿಗೂ ಹಾಡುತ್ತಾರೆ. ವಾಸಿಯಾದ ಆಚಾರ್ಯರು ಪಂಢರಪುರಕ್ಕೆ ಹೋಗಿ, ಜಗನ್ನಾಥವಿಠಲ ಅಂಕಿತ ಪಡೆದು, ತಾವೇ ಗೆಜ್ಜೆ ಕಟ್ಟಿದರು. ಗೋಪಾಲದಾಸರು 1762ರಲ್ಲಿ ತೀರಿಕೊಂಡಾಗ ಅವರಿಗೆ ನಲವತ್ತರ ಆಸುಪಾಸು. ಜಗನ್ನಾಥದಾಸರು ಎಂಬತ್ತು ದಾಟಿ 1809ರವರೆಗೆ ಬದುಕಿದರು.

ಈ ಕತೆಗೆ ಎರಡು ತುಂಡುಗಳಿವೆ. ಮೊದಲನೆಯದರಲ್ಲಿ ಒಬ್ಬನಿಗೆ ಬಂದ ರೋಗ ಅವನದೇ ತಪ್ಪಿನ ಫಲ. ಎರಡನೆಯದರಲ್ಲಿ ಇನ್ನೊಬ್ಬ ತನ್ನ ಬದುಕನ್ನೇ ಪಾಲು ಮಾಡಿ ಅವನನ್ನು ಉಳಿಸುತ್ತಾನೆ. ನಾವು ಗಟ್ಟಿಯಾಗಿ ಹಿಡಿದುಕೊಂಡಿರುವುದು ಮೊದಲನೆಯದನ್ನು. ನಮ್ಮಜ್ಜಿ ಒಬ್ಬಳೇ ಅಲ್ಲ. ಕುಷ್ಠ, ಕ್ಷಯ, ಮಕ್ಕಳಾಗದಿರುವುದು, ಮಾನಸಿಕ ಕಾಯಿಲೆ, ಎಲ್ಲಕ್ಕೂ ಏನು ಪಾಪ ಮಾಡಿದ್ದರೋ ಅನ್ನುವ ಮಾತು ನಮ್ಮ ಕಟ್ಟೆಗಳ ಮೇಲೆ ಸಲೀಸಾಗಿ ಬರುತ್ತದೆ. ಇದು ನಮ್ಮ ಹಳ್ಳಿಗಳ ರೋಗವಷ್ಟೇ ಅಂದುಕೊಳ್ಳಬೇಡಿ. ಅಮೆರಿಕದ ಲೇಖಕಿ ಸೂಸನ್ ಸಾಂಟಾಗ್ ಸ್ವತಃ ಕ್ಯಾನ್ಸರ್ ಅನುಭವಿಸಿ, 1978ರಲ್ಲಿ ಇಡೀ ಪುಸ್ತಕ ಬರೆದು ವಾದಿಸಿದ್ದು ಇದನ್ನೇ: ರೋಗವನ್ನು ರೋಗಿಯ ಗುಣಸ್ವಭಾವದ ತೀರ್ಪು ಅಂತ ಓದುವುದನ್ನು ನಿಲ್ಲಿಸಬೇಕು.

ಆಚಾರ್ಯರಿಗೆ ನಿಜಕ್ಕೂ ಆಗಿದ್ದೇನು ಅಂತ ಇನ್ನೂರೈವತ್ತು ವರ್ಷದ ಮೇಲೆ ಪತ್ತೆ ಹಚ್ಚಲು ಹೊರಡುವುದು ಮೂರ್ಖತನ. ಆದರೆ ಅವರ ಕಾಲವನ್ನು ನೆನಪಿಡಬೇಕು. ನಿಜಾಮರ ಆಳ್ವಿಕೆಯ ಈ ಸೀಮೆಯಲ್ಲಿ ವೈದ್ಯರಿದ್ದರು, ಹಕೀಮರಿದ್ದರು, ಕಷಾಯ ಚೂರ್ಣಗಳಿದ್ದವು. ಅರಿವಳಿಕೆ ಕೊಟ್ಟು ಹೊಟ್ಟೆ ಕೊಯ್ಯುವ ವಿದ್ಯೆ ಜಗತ್ತಿನಲ್ಲಿ ಎಲ್ಲೂ ಇರಲಿಲ್ಲ. ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿದ್ದು ಅವು ರೋಗ ತರುತ್ತವೆ ಅನ್ನುವುದು ಸಾಬೀತಾಗಲು ಇನ್ನೂ ನೂರು ವರ್ಷ ಬೇಕಿತ್ತು. ಕಾರಣ ಗೊತ್ತಿಲ್ಲದ ನೋವಿಗೆ ಕಾರಣ ಕೊಡುವ ಕೆಲಸವನ್ನು ಕತೆಯೇ ಮಾಡಬೇಕಾಗಿತ್ತು, ಮಾಡಿತು. ಕೇರಳದ ಮೇಲ್ಪತ್ತೂರು ನಾರಾಯಣ ಭಟ್ಟತಿರಿಯ ಕತೆಯೂ ಹೀಗೇ ಇದೆ. ಗುರುವಿನ ವಾತರೋಗವನ್ನು ತನ್ನ ಮೈಮೇಲೆ ಎಳೆದುಕೊಂಡು, ಗುರುವಾಯೂರಿನಲ್ಲಿ ಕೂತು ಕಾವ್ಯ ಬರೆದು ವಾಸಿಯಾದ ಅನ್ನುತ್ತಾರೆ.

ನನಗೆ ಹೆಚ್ಚು ಕುತೂಹಲ ಇರುವುದು ಆ ನೋವು ಉಂಡ ಮನುಷ್ಯ ಮುಂದೆ ಏನು ಬರೆದ ಅನ್ನುವುದರಲ್ಲಿ. ಹರಿಕಥಾಮೃತಸಾರ ಭಾಮಿನಿ ಷಟ್ಪದಿಯಲ್ಲಿದೆ, 32 ಸಂಧಿಗಳಿವೆ. ಮಾಧ್ವ ತತ್ವದ ಗ್ರಂಥ ಹೌದು, ಆದರೆ ಅದರ ತುಂಬ ಮೈಯೇ ಇದೆ ನೋಡಿ. ಊಟದ ರಸಗಳ ಬಗ್ಗೆ ಒಂದು ಸಂಧಿ, ನಾಡಿಗಳ ಬಗ್ಗೆ ಒಂದು, ಉಸಿರಿನ ಬಗ್ಗೆ ಇನ್ನೊಂದು. ಮನುಷ್ಯ ಹಗಲು ರಾತ್ರಿ ಸೇರಿ 21,600 ಸಲ ಉಸಿರಾಡುತ್ತಾನೆ ಅನ್ನುವ ಹಳೆಯ ಲೆಕ್ಕ ಅಲ್ಲಿ ಬರುತ್ತದೆ. ಭಾಗಿಸಿ ನೋಡಿದೆ, ನಿಮಿಷಕ್ಕೆ 15 ಆಗುತ್ತದೆ. ಸುಮ್ಮನೆ ಕೂತ ಆರೋಗ್ಯವಂತರ ಉಸಿರು ನಿಮಿಷಕ್ಕೆ 12ರಿಂದ 20 ಅಂತ ಇವತ್ತಿನ ವೈದ್ಯಶಾಸ್ತ್ರ ಹೇಳುತ್ತದೆ. ಹಾಗಂತ ಎಲ್ಲ ವಿಜ್ಞಾನವೂ ಅದರಲ್ಲಿದೆ ಅಂತ ವಾಟ್ಸಾಪ್ ಪಂಡಿತರ ಹಾಗೆ ಕುಣಿಯಬೇಕಿಲ್ಲ. 72,000 ನಾಡಿಗಳ ಲೆಕ್ಕ ಯಾವ ಶವಪರೀಕ್ಷೆಯಲ್ಲೂ ಸಿಗುವುದಿಲ್ಲ. ಅವರ ಪಾಲಿಗೆ ಒಂದೊಂದು ಉಸಿರೂ ಜಪ, ಮೈ ದೇವರ ಮನೆ. ಮೈಯನ್ನು ಇಷ್ಟು ಹತ್ತಿರದಿಂದ, ಇಷ್ಟು ಪ್ರೀತಿಯಿಂದ ಎಣಿಸಿದ ಕವಿ ಒಮ್ಮೆ ಆ ಮೈಯ ಕೈಯಲ್ಲೇ ಸೋತು ಹಾಸಿಗೆ ಹಿಡಿದಿದ್ದ ಅನ್ನುವುದನ್ನು ಮಾತ್ರ ನನಗೆ ಮರೆಯಲಾಗುವುದಿಲ್ಲ.

ಮತ್ತು ಅದನ್ನೆಲ್ಲ ಬರೆದದ್ದು ಕನ್ನಡದಲ್ಲಿ. ತಾನು ತಾತ್ಸಾರ ಮಾಡಿದ್ದ ಭಾಷೆಗೇ ಅವರು ಬಂದರು. ಸಂಸ್ಕೃತ ಪಾಠಶಾಲೆಯ ಬಾಗಿಲು ಮುಚ್ಚಿದ್ದ ಹೆಂಗಸರು ಆ ಷಟ್ಪದಿಗಳನ್ನು ಬಾಯಿಪಾಠ ಮಾಡಿದರು. ಇದನ್ನು ಕ್ರಾಂತಿ ಅಂತ ಕರೆಯಲಾರೆ. ಜೀವಜೀವಗಳ ನಡುವೆ ಮೇಲುಕೀಳಿನ ತಾರತಮ್ಯ ಆ ಗ್ರಂಥದ ಬೆನ್ನುಮೂಳೆ, ನಮ್ಮ ತಲೆಮಾರು ಅದನ್ನು ಒಪ್ಪಬೇಕಿಲ್ಲ. ಆದರೂ ಜ್ಞಾನ ಜನರ ಮಾತಿಗೆ ಬರಬೇಕು ಅನ್ನುವ ಪಾಠ ಉಳಿಯುತ್ತದೆ. ಇವತ್ತು ಮಾನ್ವಿಯ, ದೇವದುರ್ಗದ ರೋಗಿಯ ಕೈಯಲ್ಲಿರುವ ಚೀಟಿಯನ್ನು ಓದಿ ಹೇಳಲು ಮೆಡಿಕಲ್ ಶಾಪಿನ ಹುಡುಗನೇ ಬೇಕು.

ಈಗ 2022ರ ಮೇ ತಿಂಗಳಿಗೆ ಬನ್ನಿ. ಕೃಷ್ಣಾ ತುಂಗಭದ್ರೆಯರ ನಡುವಿನ ರಾಯಚೂರು ನಗರದಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಕೆಲವರು ಸತ್ತರು. ಅವರು ಯಾವ ದಾಸರನ್ನೂ ಬೈದಿರಲಿಲ್ಲ. ಅದೇ ತಿಂಗಳು ರಾಯಚೂರಿಗೆ ಏಮ್ಸ್ ಬೇಕು ಅಂತ ಧರಣಿ ಶುರುವಾಯಿತು, ಸಾವಿರ ದಿನ ದಾಟಿತು. 2007ರಲ್ಲಿ ಬಂದ ರಿಮ್ಸ್ ಇದೆ, ನಿಜ. ಆದರೆ ದೊಡ್ಡ ಕಾಯಿಲೆ ಬಂದರೆ ನಮ್ಮವರು ಇವತ್ತಿಗೂ ಗಂಟುಮೂಟೆ ಕಟ್ಟಿ ಹೈದರಾಬಾದಿಗೋ ಬೆಂಗಳೂರಿಗೋ ಹೊರಡುತ್ತಾರೆ, ಹೊಲ ಮಾರುತ್ತಾರೆ.

ಹೀಗಿರುವಾಗ ಕತೆಯ ಎರಡನೇ ತುಂಡು ನನಗೆ ಬೇರೆಯೇ ಆಗಿ ಕೇಳಿಸುತ್ತದೆ. ಒಬ್ಬರ ಆಯುಷ್ಯವನ್ನು ಇನ್ನೊಬ್ಬರಿಗೆ ಕೊಡುವುದು ಈ ಕಾಲದಲ್ಲಿ ಪವಾಡವಲ್ಲ. ಸಂತೆಯಲ್ಲಿ ಸಾಬೂನು ಕೊಳ್ಳುವ ಕೂಲಿಯವನೂ ತೆರಿಗೆ ಕಟ್ಟುತ್ತಾನೆ, ಅದು ಅವನ ದುಡಿಮೆಯ ಗಂಟೆ, ಅಂದರೆ ಅವನ ಆಯುಷ್ಯವೇ. ಅದು ಶುದ್ಧ ನೀರಾಗಿ, ಹಾಸಿಗೆಯಾಗಿ, ವೈದ್ಯರಾಗಿ ವಾಪಸ್ ಬರಬೇಕು. ಗೋಪಾಲದಾಸರು ಕೊಟ್ಟದ್ದು ಕರುಣೆಯಿಂದ. ನಾವು ಕೇಳುತ್ತಿರುವುದು ಹಕ್ಕನ್ನು.

ಮಾನ್ವಿಯ ದಾಸರ ಮನೆಯಲ್ಲಿ ಒಂದು ಕಂಬವಿದೆ. ಅದರಲ್ಲಿ ಅವರು ಇದ್ದಾರೆ ಅಂತ ಭಕ್ತರು ಪೂಜೆ ಮಾಡುತ್ತಾರೆ. ಅಜ್ಜಿಯ ಜೊತೆ ಹೋಗಿ ನಾನೂ ಕೈಮುಗಿದಿದ್ದೇನೆ. ಅಜ್ಜಿ ಈಗಿಲ್ಲ. ನಮ್ಮ ಮನೆಯ ಮಕ್ಕಳು ಹೊಟ್ಟೆ ಹಿಡಿದುಕೊಂಡು ಬಂದರೆ ನಾನೂ ಅಜವಾನವನ್ನೇ ಕೊಡುತ್ತೇನೆ. ಆಮೇಲೆ ಕೇಳುವ ಪ್ರಶ್ನೆ ಮಾತ್ರ ಬೇರೆ: ಎಲ್ಲಿಯ ನೀರು ಕುಡಿದಿ?